ಒಂದೂವರಿ ಇಂಚು

ಸಾಳಗಾಂವದ ಮನಿ ಮುಗಿಸಿ, ಸಾಮಾನು ಟೆಂಪೋಕ್ಕ ಏರಿಸಿ,
ಮಾಪ್ಸಾದ ಖೋಲಿಗೆ ಬಂದು ಬುಟ್ಟಿ ಸುರುವಿದರ
ಗುಂಡು ಐತಿ, ಮಟ್ಟಗೋಲು ಐತಿ, ಸುತಳಿ ಐತಿ,
ಕರಣಿ ಇಲ್ಲ.

ಯಂಕೋಬ ತಲಿ ಕೆರಕೊಂಡ.
‘ಬಾವಿಕಟ್ಟಿ ಮ್ಯಾಲ ತೊಳದು ಇಟ್ಟಿದ್ದೆ, ಮಾಮಾ.’
ತೊಳದು ಇಟ್ಟಿದ್ದನಂತ!
ಬೈಯಾಕ ಬಾಯಿ ತೆರದಾಂವ ಸುಮ್ಮನಾದೆ.
ಹತ್ತೊಂಬತ್ತರ ಹುಡುಗ,
ಅವನ ಕೈಯನ್ನ ಇನ್ನೂ ಯಾವ ಕಬ್ಬಿಣವೂ ಗುರುತು ಹಿಡದಿಲ್ಲ.

ಶುಕ್ರವಾರದ ಸಂತ್ಯಾಗ ಹೊಸಾದು ಇನ್ನೂರ ಇಪ್ಪತ್ತು.
ಬಸ್ಸಿಗೆ ಹೋಗಿಬರಾಕ ನಲವತ್ತು,
ಮುರಿಯೋ ಒಂದು ದಿನದ ಪಗಾರ ಸಾವಿರದ ನೂರು.
ಲೆಕ್ಕ ನನಗೂ ಬರ್ತದ.
ಬಸ್ ಹತ್ತಿದೆ.

ಅದರ ಹಿಡಿಕಿ ಮೂರನೇದು.
ಮೊದಲಿಂದು ಬಿಸಲಿಗೆ ಸೀಳಿತು,
ಎರಡನೇದು ನನ್ನ ಸಿಟ್ಟಿಗೆ.
ಮೂರನೇದು ಬಡಿಗ ಕಾಯ್ತಾನ ಹಲಸಿನ ತುಂಡಿನಾಗ ಕೆತ್ತಿದ,
ಮದ್ಲ ನನ್ನ ಅಂಗೈ ಅಗಲ ಮಾಡಿಸಿ,
ಭವಿಷ್ಯ ಹೇಳಾವ್ರಂಗ ಭಾಳ ಹೊತ್ತು ನೋಡಿ.
ರೊಕ್ಕ ಬ್ಯಾಡಂದ,
ಅವನ ಒಲಿಕಟ್ಟಿಗೆ ಎರಡು ಬುಟ್ಟಿ ಗಿಲಾವ ಕೇಳಿದ.

ಅಲಗು ಮಾತ್ರ ಅದೇ.
ತಂದಾಗ ಗೇಣುದ್ದ, ಮೂಗು ಚೂಪು.
ಈಗ ಒಂದೂವರಿ ಇಂಚು ಕಡಿಮಿ,
ಎಡಮಗ್ಗಲಕ್ಕ ಜಾಸ್ತಿ ಸವದದ,
ನನ್ನ ಚಪ್ಪಲಿ ಸವದಂಗ.

ಆ ಒಂದೂವರಿ ಇಂಚು ಎಲ್ಲಿ ಹೋತು?
ಪರ್ವರಿಯ ಬ್ಯಾಂಕಿನ ಹಿಂದಿನ ಗ್ವಾಡ್ಯಾಗ ಐತಿ.
ಆಸಗಾಂವದಾಗ ಯಾರೋ ಈಜೋ ಕೊಳದ ಮೆಟ್ಟಲದಾಗ ಐತಿ.
ಒಂದು ಚೂರು ಡಿಚೋಲಿಯ ಸಾಲಿ ಪಾಯಖಾನ್ಯಾಗ.
ಬಣ್ಣ ಆದ ಮ್ಯಾಲ ಆ ಬಾಗಲಾ ನಾ ದಾಟಿಲ್ಲ.
ಅದು ಒಳಗೇ ಐತಿ.

ಗೇಟಿಗೆ ಹೊಸ ಕಾವಲುಗಾರ.
‘ಯಾರು ಬೇಕು?’
ಯಾರೂ ಬ್ಯಾಡ, ಅಂದೆ.
ನಾನೇ ಕಟ್ಟಿದ ಕಂಪೌಂಡಿಗೆ ಕೈ ಊರಿ ನಿಂತೆ,
ಇನ್ನೂ ನೀರು ಕುಡೀತಿತ್ತು.

ಎಸ್ಪೆರಾನ್ಸಾ ಬಾಯಿ ಹಿತ್ತಲದಿಂದ ಬಂದಳು.
ಕೈಯಾಗ ನನ್ನ ಕರಣಿ, ಅಲಗಿಗೆಲ್ಲಾ ಕೆಂಪು ಮಣ್ಣು.
ಕ್ರೋಟನ್ ಹಚ್ಚಾಕ ಹತ್ಯಾಳ.
‘ನಿಂದಾ ಇದು? ಕೈಯಾಗ ಹ್ಯಾಂಗ ಕೂಡ್ತದ ನೋಡು!’
ನಮ್ಮ ಬೆಕ್ಕು ಆಚಿ ಮನ್ಯಾಗ ಹಾಲು ಕುಡದು
ಮೀಸಿ ನೆಕ್ಕೋತ ಬಂದಂಗಾತು ನನಗ.

‘ಇನ್ನೊಂದು ಗಿಡ ಉಳದೈತಿ,’ ಅಂದಳು.
ಕುಕ್ಕರಗಾಲಿಲೆ ಕುಂತೆ. ಗುಂಡಿ ತಗದೆ, ಬೇರು ಇಳಿಸಿದೆ,
ಮಣ್ಣು ಎಳದು, ನೀರು ಚಿಮಕಿಸಿ,
ಸುತ್ತಲೂ ಒತ್ತಿ ತೀಡಿದೆ, ಕಣ್ಣು ಕಿರಿದು ಮಾಡಿ ಮಟ್ಟ ನೋಡಿದೆ.
ಬಾಯಿ ನಕ್ಕಳು:
‘ಏ ಗೌಂಡಿ, ಗಿಡಕ್ಕೂ ಗಿಲಾವ ಮಾಡ್ತೀ?
ಅದು ಉಸಿರಾಡಬ್ಯಾಡಾ?’

ನಾಚಿಕಿ ಬಂತು.
ಅದೇ ಮೊಂಡ ಮೂಗಿಲೆ ಕೆದರಿ ಮಣ್ಣು ಸಡಲ ಮಾಡಿದೆ.
ಇಪ್ಪತ್ತೊಂದು ವರ್ಷದಾಗ
ಅದರ ಕೈಲೆ ಕೆಡಿಸಿದ್ದು ಅದೇ ಮೊದಲು.

ತೊಳೀದ ಹಂಗೇ ಪೇಪರಿನಾಗ ಸುತ್ತಿ ತೊಡಿ ಮ್ಯಾಲ ಇಟ್ಟಕೊಂಡೆ.
ಕಂಡಕ್ಟರ್ ಮೀನಾ ಅಂತ ಕೇಳಿದ.
ಹೂಂ ಅಂದೆ.