ಜೆಪ್ಪುವಿನ ಗಿರಣಿಯಲ್ಲಿ ಮೂರು ಸೀಟು

ಬಲ್ತಿದಾರ್ ಮೊರಾಸರ ಹಿಟ್ಟಿನ ಗಿರಣಿಯಲ್ಲಿ
ಕಾಯುವವರಿಗೆ ಮೊದಲೊಂದು ಹಲಸಿನ ಬೆಂಚಿತ್ತು.
ಈಗ ವಿಮಾನದ ಸೀಟು, ಮೂರು, ಒಂದಕ್ಕೊಂದು ಅಂಟಿ,
ಕಾಲಿಗೆ ಬೋಲ್ಟು ಬಿಗಿದು ಸಿಮೆಂಟು ನೆಲಕ್ಕೆ.
ಬಂದರಿನ ಗುಜರಿ ಇದ್ದಿನಬ್ಬ ಕೊಟ್ಟದ್ದು,
ಕಿಲೋಗೆ ಇಷ್ಟು ಎಂದು, ತೂಕಕ್ಕೆ.

"ಚೀನಾದ್ದು ಅಕ್ಕ, ಕೂತುಕೊಳ್ಳಿ, ಗಟ್ಟಿ ಉಂಟು."
ಕೂತೆ. ಮಡಿಲಲ್ಲಿ ರಾಗಿಯ ಡಬ್ಬ.
ಸೊಂಟದ ಪಟ್ಟಿ ಕಟ್ಟಿಕೊಳ್ಳಬೇಕೋ ಎಂದು
ಒಂದು ಕ್ಷಣ ಕೈ ತಾನೇ ಹುಡುಕಿತು.

ತಲೆ ಒರಗುವಲ್ಲಿ ನೀಲಿ ಬಟ್ಟೆ, ಅದರ ಮೇಲೆ
ನೂಲಿನ ಹಕ್ಕಿ, ಒಂದು ಕಾಲು ಮಡಚಿ ನಿಂತದ್ದು.
ಬಾತು, ಎಂದರು ಮೊರಾಸರು.
ಮೆಣಸು ಪುಡಿ ಮಾಡಿಸಲು ಬಂದ ವಾಮನ ಪುತ್ರನ್ ನಕ್ಕ:
"ಬಾತಲ್ಲ ಮಾರಾಯ್ರೆ, ಕೊಕ್ಕರೆ.
ನಾನು ಇದರಲ್ಲಿ ಹೋಗಿದ್ದೇನೆ."

ಹಡಗಿನ ಅಡುಗೆಯವನು, ಬೆಂಗ್ರೆಯವ.
ತೊಂಬತ್ತಮೂರರಲ್ಲಿ ಹಡಗು ಒಂದು ಕಡೆ, ಇವನೊಂದು ಕಡೆ,
ನಡುವೆ ಕೆಸರು ಬಣ್ಣದ ನದಿ, ಒಂದು ಪ್ರಾಂತ್ಯದಷ್ಟು ಅಗಲ,
ಮತ್ತು ಈ ಕಂಪೆನಿ.
ಒಟ್ಟು ಐದೇ ವಿಮಾನ. ಎರಡು ರಷ್ಯಾದವು, ರೆಕ್ಕೆಗೆ ಪಂಕ.
ಸರಕಾರ ಸ್ವಲ್ಪ, ಸಿಗರೇಟು ಕಾರ್ಖಾನೆ ಸ್ವಲ್ಪ,
ರೇಷ್ಮೆಯವರು ಸ್ವಲ್ಪ ಹಾಕಿದ ದುಡ್ಡಂತೆ;
ಪಕ್ಕದ ಸೀಟಿನ ಮುದುಕ ಹೆಮ್ಮೆಯಿಂದ
ಬೆರಳು ಮಡಚಿ ಮಡಚಿ ಹೇಳಿದ್ದು.
"ಭಾಷೆ ಬಾರದೆ ಹೇಗೆ ತಿಳಿಯಿತು?"
"ಎರಡು ಗಂಟೆ ಅಕ್ಕ, ಬೇರೆಂತ ಕೆಲಸ?"

ಹುಡುಗಿ ಕಾಗದದ ಬೀಸಣಿಗೆ ಹಂಚಿದಳು,
ಬೇಯಿಸಿದ ಮೊಟ್ಟೆ,
ಹೂವಿನ ಚಿತ್ರದ ಫ್ಲಾಸ್ಕಿನಿಂದ ಬರೀ ಬಿಸಿನೀರು.
ಸಿಪ್ಪೆ ಎಲ್ಲಿ ಹಾಕುವುದೆಂದು ತಿಳಿಯದೆ
ಜೇಬಿನಲ್ಲಿಟ್ಟುಕೊಂಡೇ ಹಡಗು ಹತ್ತಿದ.

ಹತ್ತು ವರ್ಷ ಬಿಟ್ಟು ಅದೇ ಊರಿಗೆ ಹೋದರೆ
ಕೌಂಟರಿನಲ್ಲಿ ಹಕ್ಕಿ ಇಲ್ಲ.
ದೊಡ್ಡ ಕಂಪೆನಿ, ದೊಡ್ಡ ಊರಿನದು, ದೊಡ್ಡ ಅಕ್ಷರ.
"ವಿಮಾನ ಮಾತ್ರ ಅದೇ. ಬಿಸಿಲು ವಾರೆಯಾದಾಗ
ಹೊಸ ಬಣ್ಣದಡಿ ಕಾಣುತ್ತಿತ್ತು,
ಆ ಮಡಚಿದ ಕಾಲು."

ನಾನೇನೂ ಹೇಳಲಿಲ್ಲ.
ಮೂವತ್ತೊಂದು ವರ್ಷ ನಾನು ನೋಟು ಎಣಿಸಿದ ಬ್ಯಾಂಕು
ಈ ಕರಾವಳಿಯಲ್ಲೇ ಹುಟ್ಟಿದ್ದು.
ಬೋರ್ಡು ಇಳಿಸಲು ಬಂದ ಹುಡುಗರಿಗೆ
ಏಣಿ ಹಿಡಿದವಳು ನಾನೇ, ಬೀಳಬಾರದಲ್ಲ ಎಂದು.
ಇಳಿಸಿದ ಮೇಲೆ ಗೋಡೆಯಲ್ಲಿ
ಹೆಸರಿನಷ್ಟೇ ಜಾಗ ಮಳೆ ತಾಗದೆ ಉಳಿದಿತ್ತು,
ಹಳೆಯ ಕೆನೆಬಣ್ಣ, ಅಕ್ಷರ ಅಕ್ಷರವಾಗಿ.

ಮರುದಿನ ಕುದ್ರೋಳಿಯ ಮೀನಿನ ಗಿರಿಜಕ್ಕ
ಹಳೆಯ ಪಾಸ್‌ಬುಕ್ಕು ಹಿಡಿದು ಬಂದಳು: ಇದು ನಡೆಯುತ್ತದಾ?
ನಡೆಯುತ್ತದೆ, ದುಡ್ಡು ಎಲ್ಲೂ ಹೋಗಿಲ್ಲ, ಎಂದೆ.
"ದುಡ್ಡಿನ ಸಂಗತಿ ಕೇಳಿದ್ದಲ್ಲ ಅಮ್ಮ."
ಆ ಮಾತಿಗೆ ನನ್ನ ಹತ್ತಿರ ಸುತ್ತೋಲೆ ಇರಲಿಲ್ಲ.

ಸೀಟಿನ ಬೆನ್ನಿಗೆ ಜೋತ ಚೀಲದಲ್ಲಿ ಈಗ
ಮೊರಾಸರ ಚೀಟಿಗಳು: ನಾಲ್ಕು, ಗೋಧಿ. ಐದು, ಕೊತ್ತಂಬರಿ.
ಅವುಗಳಡಿ ನುಣುಪು ರಟ್ಟೊಂದು ಸಿಕ್ಕಿತು;
ಚಿತ್ರದ ಹೆಂಗಸು ಗಾಬರಿಯಿಲ್ಲದೆ
ತಲೆಯನ್ನು ಮೊಣಕಾಲಿಗೆ ಬಾಗಿಸಿದ್ದಾಳೆ.
ಓದಲಾಗಲಿಲ್ಲ. ಇದ್ದಲ್ಲೇ ಇಟ್ಟೆ.

ಕರೆಂಟು ಬಂತು. ಬೆಲ್ಟು ತಿರುಗಿತು.
ನೆಲ ನಡುಗಿ, ಬೋಲ್ಟು ನಡುಗಿ, ಡಬ್ಬದ ಮುಚ್ಚಳ ಕಿಣಿಕಿಣಿ,
ಮೂರು ಸೀಟೂ ಒಟ್ಟಿಗೆ ಅದುರಿದವು.
ಪುತ್ರನ್ ಕಣ್ಣು ಮುಚ್ಚಿ, ಕೈ ಜೇಬಿಗಿಳಿಸಿ,
"ಏರುವಾಗ ಹೀಗೇ ಇತ್ತು" ಎಂದ,
ಗದ್ದಲದಲ್ಲಿ ಅರ್ಧ ಕೇಳಿಸಿತು.

ಹಿಟ್ಟಿನ ಧೂಳು ಹಾರಿ ಹಕ್ಕಿಯ ಮೇಲೆ ಕೂತಿತು.
ಮೊರಾಸರು ಗೋಣಿಯಿಂದ ಎರಡೇಟು ಬಡಿದರು,
ಕಾಣಿಸಿತು. ಮತ್ತೆ ಬಿಳಿಯಾಯಿತು.

ನನ್ನ ರಾಗಿ ಮುಗಿದಾಗ ಡಬ್ಬ ಬಿಸಿಯಿತ್ತು.
ತಬ್ಬಿ ಹಿಡಿದು, ಇಳಿದೆ.
ಎದ್ದೆ ಎನ್ನಬೇಕಿತ್ತು.