ನಾಲ್ಕು ಕೇರಿ, ಒಂದು ಚುಕ್ಕಿ

ಹಾಕೊದಾತೆಯ ಟ್ರಾಮ್ ತಿರುವಿನಲ್ಲಿ ನನ್ನದೊಂದು ಅಂಗಡಿ.
ಪಾಸ್‌ಪೋರ್ಟ್ ಪಟ, ಲ್ಯಾಮಿನೇಷನ್,
ತೀರಿಕೊಂಡವರ ಮುಖ ದೊಡ್ಡದು ಮಾಡಿಕೊಡುವುದು.
ಕೊನೆಯದಕ್ಕೆ ಚೌಕಾಸಿ ಮಾಡುವವರು ಕಡಿಮೆ.

ಫುಮಿಯೆ ಬಂದದ್ದು ಮಂಗಳವಾರ, ರಬ್ಬರ್ ಬೂಟಿನಲ್ಲೇ.
ಮೊಬೈಲಿನಲ್ಲಿ ಒಂದೇ ಪಟ: ಗಂಡ, ಬೊಂಡಾಸಿನ ದೋಣಿ,
ರಾತ್ರಿ ಮೂರರ ಧಕ್ಕೆ.
ನಗುತ್ತಿದ್ದಾನೆ ಅಂದುಕೊಂಡೆ.
ದೀಪಗಳೆಲ್ಲ ಕಡಲ ಕಡೆಗಿದ್ದವು,
ಮುಖಕ್ಕೆ ಸಿಕ್ಕಿದ್ದು ಎಂಜಲು ಬೆಳಕು.
ಕತ್ತಲಲ್ಲಿ ಕಣ್ಣರಳಿಸಿದ ಕ್ಯಾಮೆರಾ
ಕಂಡದ್ದಕ್ಕಿಂತ ಊಹಿಸಿದ್ದೇ ಹೆಚ್ಚು.
ಹಣೆಗೆ, ಕೋಟಿಗೆ, ಬಾನಿನ ತುಂಬ
ರವೆ ಚೆಲ್ಲಿದ ಹಾಗೆ ಚುಕ್ಕಿ.

“ಇದನ್ನೆಲ್ಲ ತೆಗೆಯಲಾಗುತ್ತದೆಯೇ?”
ಆಗುತ್ತದೆ, ಅಂದೆ.

ಲೆಕ್ಕ ಸುಲಭ. ಪ್ರತಿ ಚುಕ್ಕಿಗೂ ಸುತ್ತ ನಾಲ್ಕು ಕೇರಿ.
ಯಾವ ಕೇರಿಯಲ್ಲಿ ಜಗಳ ಕಡಿಮೆಯೋ
ಆ ಕೇರಿಯ ಬಣ್ಣ ಉಟ್ಟು ಸುಮ್ಮನಾಗಬೇಕು.
ಗೋಡೆ ದಾಟಿ ಯಾರೂ ಬೆರೆಯುವುದಿಲ್ಲ,
ಹಾಗಾಗಿ ಮೂಗಿನ ಅಂಚು ಮೂಗಿನದಾಗಿಯೇ ಉಳಿಯುತ್ತದೆ.
ನಮ್ಮಪ್ಪ ಬಾಡಿಗೆ ಮನೆ ಬದಲಿಸಿದ್ದೆಲ್ಲ ಇದೇ ಲೆಕ್ಕದಲ್ಲಿ.

ಮೂರಕ್ಕೆ ಇಟ್ಟೆ: ರವೆ ಕರಗಿತು.
ಐದಕ್ಕೆ: ಕೋಟು ಕುಂಚದಲ್ಲಿ ಬಳಿದ ಹಾಗೆ,
ಕೆನ್ನೆಯ ಮೇಲೆ ಅಗಲವಾದ ಎರಡು ಬೀಸು ಕಿತ್ತಳೆ.
ಒಂಬತ್ತಕ್ಕೆ ಏರಿಸಿದೆ, ಆಸೆಗೆ.
ದೋಣಿಯ ಬಲ್ಬುಗಳು ಮಾಗಿದ ಹಣ್ಣಾದವು,
ಧಕ್ಕೆ ನೀಲಿಯ ಒಂದೇ ಮಡಿಕೆ,
ಯೋಶಿತಾಕ ಎಣ್ಣೆಬಣ್ಣದಲ್ಲಿ ನಿಂತಿದ್ದ
ಯಾರೋ ಚಳಿಗಾಲವಿಡೀ ಕೂತು ಬರೆದ ಹಾಗೆ.
ನನಗೇ ಹೆಮ್ಮೆ. ಪರದೆ ಅವಳತ್ತ ತಿರುಗಿಸಿದೆ.

ಬಹಳ ಹೊತ್ತು ನೋಡಿದಳು.
“ಚೆನ್ನಾಗಿದೆ. ಹಿಮ ಎಲ್ಲಿ?”

ಯಾವ ಹಿಮ?

“ಅವತ್ತು ಬೀಳುತ್ತಿತ್ತು. ಸಣ್ಣಗೆ.
ಬಾಯಿ ತೆರೆದದ್ದು ನಗುವುದಕ್ಕಲ್ಲ,
ನಾಲಿಗೆಯಲ್ಲಿ ಹಿಡಿಯುವುದಕ್ಕೆ.
ಐವತ್ತೆಂಟು ವರ್ಷ ಅವರಿಗೆ.”

ಮೂಲ ಪಟ ತೆರೆದೆ. ನಾಲ್ಕು ಪಟ್ಟು, ಎಂಟು ಪಟ್ಟು ಹಿಗ್ಗಿಸಿದೆ.
ಚುಕ್ಕಿಯ ಪಕ್ಕ ಚುಕ್ಕಿ, ಬಿಳಿಯ ಪಕ್ಕ ಬಿಳಿ.
ಒಂದು ಯಂತ್ರದ ತಡವರಿಕೆ, ಒಂದು ಆಕಾಶದ್ದು.
ಮೂವತ್ತು ವರ್ಷ ಪಳಗಿದ ಕಣ್ಣು ನನ್ನದು.
ಗೊತ್ತಾಗಲಿಲ್ಲ.

ಅವಳು ಕುರ್ಚಿ ಎಳೆದುಕೊಂಡಳು.
ಉಗುರಿನ ಸಂದಿಯಲ್ಲಿ ಬೊಂಡಾಸಿನ ಮಸಿ.
“ಇದು ಹಿಮ,” ಅಂದಳು, ಪರದೆಗೆ ಬೆರಳಿಟ್ಟು.
“ಇದಲ್ಲ. ಇದು ಹಿಮ. ಇದೂ.
ಇದು... ಇರಲಿ ಬಿಡಿ, ಇದನ್ನೂ ಇಟ್ಟುಕೊಳ್ಳಿ.”

ಬಾಗಿಲು ಹಾಕುವ ಹೊತ್ತು ಮೀರಿತು, ಕೊನೆಯ ಟ್ರಾಮ್ ಹೋಯಿತು.
ಈಗಷ್ಟೇ ಹುಬ್ಬು ದಾಟಿದ್ದೇವೆ.
ಬಾನು ಪೂರ್ತಿ ಬಾಕಿ ಇದೆ.