ಸಾಣಿಗಿಯ ಕೆಳಗೆ

ಕಪನೂರ ದಾಲ್ ಮಿಲ್ಲಿನಿಂದ ನೆಟ್ಟಗೆ ಬಂದವಳು,
ಹುಬ್ಬಿನ ಮೇಲೆ ಇನ್ನೂ ತೊಗರಿಯ ಹೊಟ್ಟು,
ಸೆರಗಿನ ಮರೆಯಿಂದ ಡಬ್ಬಿ ತೆಗೆದು
ಕಿಟಕಿಯೊಳಗೆ ಚಾಚಿದಳು ಜಗದೇವಿ:
'ತಗೋರಿ. ಇದರಾಗ ಏನ್ ನೋಡತೀರೋ ನೋಡ್ರಿ.'

ನೋಡಿದೆ.
ಹದಿನಾರು ವರ್ಷದಿಂದ ಇದೇ ಕೆಲಸ,
ಮಂದಿ ಮೂಗು ಮುಚ್ಚುವುದನ್ನು ಮುಖವಿಟ್ಟು ಓದುವುದು.
ಪಟ್ಟಿ ಅದ್ದಿದೆ. ಹಳದಿ ಹಳದಿಯಾಗೇ ಉಳಿಯಿತು,
ಹಸಿರಿಗೆ ತಿರುಗಲಿಲ್ಲ.
'ಆಲ್ಬುಮಿನ್ ಇಲ್ಲ' ಎಂದು ಬರೆದೆ,
ಪೆನ್ನು ಮುಚ್ಚಿದೆ.

ಡಾಕ್ಟರು ಚೀಟಿ ವಾಪಸು ಕಳಿಸಿದರು:
ಸಣ್ಣವನ್ನು ನೋಡು.
ಪಟ್ಟಿಯ ಕಣ್ಣಿಗೆ ಬೀಳದ ಸಣ್ಣ ಪ್ರೋಟೀನು.
ಆ ಯಂತ್ರ ನಮ್ಮಲ್ಲಿಲ್ಲ. ಐಸಿನಲ್ಲಿಟ್ಟು
ರಾತ್ರಿ ಬಸ್ಸಿಗೆ ಹೈದರಾಬಾದಿಗೆ ಕಳಿಸಿದೆ
ಒಂದು ಬೆರಳಷ್ಟು ಜಗದೇವಿಯನ್ನು.

ಐದನೇ ದಿನ ಬಂತು ಅಂಕಿ.
ಇರಬೇಕಾದ್ದರ ಇಪ್ಪತ್ತು ಪಟ್ಟು.

ಹೇಗೆ ಹೇಳಲಿ?
'ಮೂತ್ರಪಿಂಡ' ಎಂದರೆ ಮೊದಲರ್ಧಕ್ಕೇ ಮುಖ ತಿರುವುತ್ತಾಳೆ,
'ಕಿಡ್ನಿ' ಎಂದರೆ ಕದ್ದು ಮಾರುವವರ ಸುದ್ದಿ ತೆಗೆಯುತ್ತಾಳೆ.
'ಸಾಣಿಗಿ' ಎಂದೆ.
ತಲೆ ಎತ್ತಿದಳು.

'ಒಳಗ ಒಂದು ಸಾಣಿಗಿ ಅದ. ಹರಿದಿಲ್ಲ.
ದೊಡ್ಡ ಬ್ಯಾಳಿ ಮ್ಯಾಲೇ ನಿಂತದ.
ನುಚ್ಚು ಮಾತ್ರ ಬೀಳತದ, ಎಲ್ಲರಿಗೂ ಬೀಳತದ, ಆದರ...'

'ಕೆಳಗ ಕುಂತವರು ಆರಸವಲ್ರು ಅಂತೀರಿ'
ಮುಗಿಸಿದಳು ಅವಳೇ.

ಕೆಳಗೆ ಕುಂತು ಕುಂತು ಮೂವತ್ತು ವರ್ಷ.
ಜಾಲರಿ ದಾಟಿದ್ದನ್ನು ಆರಿಸಿ, ಕೇರಿ,
ಮತ್ತೆ ಚೀಲಕ್ಕೆ ಸುರಿದು,
ಸಾಹುಕಾರನ ಒಂದು ಚೂರೂ ಗಟಾರಕ್ಕೆ ಹೋಗಗೊಡದವಳು.
ಬೆನ್ನು ಹಿಡಿದಾಗೆಲ್ಲ ಗೇಟಿನೆದುರು ಕಿರಾಣಿ ಅಂಗಡಿಯ
ಗುಲಾಬಿ ಗುಳಿಗೆ,
ಮುಂಜಾನೆ ಒಂದು, ಸಂಜಿಗೊಂದು,
ಖಾಲಿ ಹೊಟ್ಟೆಗೆ ಚಹಾದ ಜೊತೆ.

'ಎಷ್ಟು ವರ್ಷಾಯ್ತು ತಗೊಳ್ಳಾಕತ್ತಿ?'
'ಸಣ್ಣ ಮಗಳು ಹುಟ್ಟಿದಾಗಿಂದ.
ಆಕಿಗೀಗ ಎರಡು ಮಕ್ಕಳು.'

ಫ್ಯಾನು ತಿರುಗುತ್ತಿತ್ತು. ಹೊರಗೆ ಟಂಟಂ ಹಾರ್ನು.
ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನಗಲ್ಲ, ಒಳಗಿನವರಿಗೆ ಎಂಬಂತೆ
ಮೆಲ್ಲಗೆ ಅಂದಳು:
'ಅವರದೂ ಬೆನ್ನು ಹಿಡದಿರಬೇಕು ಪಾಪ.'

ಗುಳಿಗೆ ಇಂದೇ ಬಿಡಬೇಕು, ಇನ್ನೂ ಹೊತ್ತು ಮೀರಿಲ್ಲ,
ಎಂದಿದ್ದಾರೆ ಡಾಕ್ಟರು; ಅದನ್ನೂ ಹೇಳಿದೆ.
ಸೆರಗಿನ ಗಂಟು ಬಿಚ್ಚಿ ಟೇಬಲ್ಲಿನ ಮೇಲಿಟ್ಟಳು:
ಆರು ಉಳಿದ ಒಂದು ಹಾಳಿ.

ಅವಳು ಎದ್ದ ಮೇಲೆ ಹಳೆಯ ಪುಟ ತೆರೆದೆ.
'ಇಲ್ಲ' ಎಂಬುದನ್ನು ಹೊಡೆದು ಹಾಕಲಿಲ್ಲ,
ಪಕ್ಕದಲ್ಲಿ ಸಣ್ಣಗೆ ಸೇರಿಸಿದೆ: 'ಪಟ್ಟಿಗೆ ಕಂಡಿಲ್ಲ.'

ಬಾಗಿಲಿಗೆ ಹೋದವಳು ಮತ್ತೆ ಬಂದಳು:
'ಆ ಡಬ್ಬಿ ಎಲ್ಲಿಟ್ಟೀರಿ? ಒಗಿಬ್ಯಾಡ್ರಿ.
ಮುಚ್ಚಳ ಗಟ್ಟಿ ಅದ.'